ಕಟಕಟೆಯ ಬಿಳುಪು

ಹಳೆಯ ಮನೆಯೊಂದು ಪಿತ್ರಾರ್ಜಿತವಾಗಿ ಬಂದವರಿಗೆ ಅದರ ತೊಲೆಯ ಗೆದ್ದಲೂ ತಾರಸಿಯ ಸೋರಿಕೆಯೂ ಆಸ್ತಿಯ ಜೊತೆಯಲ್ಲಿಯೇ ಪಾಲಿಗೆ ಬರುವುವಷ್ಟೆ. ಪೇಟೆಯ ನಡುವಣ ನಮ್ಮ ಮನೆಗೆ ಈಚೆಗೆ ಸುಣ್ಣಬಣ್ಣ ಮಾಡಿಸುವ ಕಾಲ ಒದಗಿತು. ಗೋಡೆಗಳಿಗೆ ಸುಣ್ಣ, ಅದರಲ್ಲಿ ಹೇಳತಕ್ಕುದೇನೂ ಇಲ್ಲ. ಬೀದಿಯ ಕಡೆಯ ಕಿಟಕಿಗಳ ಕಂಬಿಗಳೂ ಬಾಗಿಲುವಾಡಗಳೂ ಮಾತ್ರ ಎಣ್ಣೆಬಣ್ಣದವು. ಬಣ್ಣದವನು ಕಂಬಿಯನ್ನು ಕೆರೆದ ಕಡೆಯಲ್ಲಿ ಮೂರು ತಲೆಮಾರು ಪದರಪದರವಾಗಿ ಕಾಣಿಸಿಕೊಂಡಿತು: ಮೇಲೆ ನಮ್ಮ ಕಾಲದ ಬೂದುಬಣ್ಣ, ಅದರಡಿಯಲ್ಲಿ ತಂದೆಯವರ ಕಾಲದ ಹಸುರು, ಅದರಡಿಯಲ್ಲಿ ಹಾಲಿನ ಕೆನೆಯಂತಹ ಬಿಳುಪು, ಎಲ್ಲಕ್ಕೂ ಕೆಳಗೆ ಕಬ್ಬಿಣವನ್ನು ಅಂಟಿಕೊಂಡು ಕುಂಕುಮದಂತೆ ಕೆಂಪಾದ ತೆಳುವಾದ ಒಂದು ಪದರ. “ಇದು ಹಳೇ ಕಾಲದ ಗಟ್ಟಿ ಬಣ್ಣ, ಸ್ವಾಮಿ. ಈಗ ಇಂಥಾದ್ದು ಎಲ್ಲಿ ಸಿಕ್ಕುತ್ತೆ?” ಎಂದು ಆತನು ಮೆಚ್ಚಿಕೊಂಡೇ ಉಜ್ಜುತ್ತಲಿದ್ದನು. ಉಜ್ಜಿದ ಪುಡಿಯು ಬಿಸಿಲುಕೋಲಿನಲ್ಲಿ ತೇಲಿ ಮೆಲ್ಲಗೆ ಜಗುಲಿಯ ಮೇಲೆ ಇಳಿಯುತ್ತಲಿದ್ದಿತು. ಅದೇ ಜಗುಲಿಯ ಮೇಲೆ ಒಂದೂವರೆ ವರ್ಷದ ನಮ್ಮ ಮೊಮ್ಮಗಳು ಕುಳಿತು, ಅಂಗೈಯನ್ನು ಒಮ್ಮೆ ನೆಲಕ್ಕೆ ಬಡಿಯುವುದು, ಒಮ್ಮೆ ಬಾಯಿಗೆ ಇಟ್ಟುಕೊಳ್ಳುವುದು, ಹೀಗೆ ಆಡಿಕೊಂಡಿದ್ದಳು.

ಆ ಹೊತ್ತಿಗೆ ಕೆಲಸವನ್ನು ನಿಲ್ಲಿಸಿಬಿಡಬೇಕಾಯಿತು. ಮನೆಯವರಿಗೆ ಇದು ನನ್ನ ಎಂದಿನ ಗೊಣಗುಗಳಲ್ಲೊಂದಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಹಿಂದೆ ನಾನು ಓದಿದ್ದ ಒಂದು ಊರಿನ ಚರಿತ್ರೆ ಆಗ ಕಣ್ಣಮುಂದೆ ನಿಂತಿತು. ಆ ಊರು ನಮ್ಮ ದೇಶದ್ದಲ್ಲ. ಸಮುದ್ರದಾಚೆ ಆಸ್ಟ್ರೇಲಿಯಾ ಖಂಡದ ಪೂರ್ವತೀರದಲ್ಲಿರುವ ಬ್ರಿಸ್ಬೇನ್, ಕ್ವೀನ್ಸ್‌ಲೆಂಡ್ ಸೀಮೆಯ ರಾಜಧಾನಿ. ಮನೆಯ ಅಂದಕ್ಕಾಗಿ ಬಳಿದ ಬಣ್ಣವು ಆ ಮನೆಯ ಮಕ್ಕಳಿಗೇ ವಿಷವಾದ ಬಗೆಯನ್ನೂ, ಅದನ್ನು ಕಂಡುಹಿಡಿಯುವುದಕ್ಕೆ ವೈದ್ಯರಿಗೆ ಹಿಡಿದ ಕಾಲವನ್ನೂ, ಕಂಡುಹಿಡಿದ ಮೇಲೆ ಲೋಕವು ಅದನ್ನು ಒಪ್ಪುವುದಕ್ಕೆ ಹಿಡಿದ ಇನ್ನೂ ಹೆಚ್ಚಿನ ಕಾಲವನ್ನೂ ಆ ಊರಿನ ಚರಿತ್ರೆಯಷ್ಟು ಸ್ಪಷ್ಟವಾಗಿ ತಿಳಿಸುವುದು ಬೇರೆ ಯಾವುದೂ ಇಲ್ಲವೆಂದು ನನ್ನ ಭಾವನೆ.

ಮೊದಲು ಆ ಬಿಳುಪಿನ ವಿಚಾರ. ಸೀಸವು ನೋಡುವುದಕ್ಕೆ ಮಂಕಾದ ಲೋಹ. ಅದರಿಂದ ಇಷ್ಟು ಉಜ್ಜ್ವಲವಾದ ಬಿಳಿಯ ಬಣ್ಣ ಬರುವುದೆಂದರೆ ನಂಬುವುದು ಕಷ್ಟ. ಹಳೆಯ ಡಚ್ಚರ ಪದ್ಧತಿಯಲ್ಲಿ ಇದನ್ನು ಮಾಡುತ್ತಿದ್ದ ಕ್ರಮ ಹೀಗೆ: ಮಣ್ಣಿನ ಗಡಿಗೆಗಳ ತಳದಲ್ಲಿ ಹುಳಿತ ದ್ರಾಕ್ಷಾರಸವನ್ನು ಹೊಯ್ದು, ಮೇಲೆ ಸೀಸದ ಸುರುಳಿಗಳನ್ನಿಟ್ಟು, ಗಡಿಗೆಗಳ ಸಾಲುಗಳನ್ನು ಕುದುರೆಯ ಲದ್ದಿಯಲ್ಲಿ ಹೂತು, ಕೋಣೆಯನ್ನು ಮುಚ್ಚಿ ಮೂರು ತಿಂಗಳ ಮಟ್ಟಿಗೆ ಬಿಡುವರು. ಲದ್ದಿಯ ಕಾವಿನಿಂದ ಹುಳಿಯ ಆವಿಯೆದ್ದು ಲೋಹವನ್ನು ತಿನ್ನುವುದು. ಲದ್ದಿಯಿಂದ ಹೊರಡುವ ಅಂಗಾರಾಮ್ಲವು ಅದನ್ನು ಬಿಳಿಯ ಹೊಪ್ಪಳೆಯಾಗಿ ಮಾರ್ಪಡಿಸುವುದು. ಆ ಹೊಪ್ಪಳೆಯನ್ನು ಬೀಸಿ ಅಗಸೆಯೆಣ್ಣೆಯಲ್ಲಿ ಅರೆದರೆ ಬಣ್ಣ ಸಿದ್ಧ. ಇದರ ಗುಣಗಳಾದರೂ ಸಾಮಾನ್ಯವಲ್ಲ. ಒಂದು ಸಲ ಬಳಿದರೆ ಕೆಳಗಿನದನ್ನೆಲ್ಲ ಮುಚ್ಚುವುದು, ಮರ ಹಿಗ್ಗಿ ಕುಗ್ಗಿದರೂ ಬಿರಿಯದೆ ಅದರೊಡನೆ ಹೊಂದಿಕೊಳ್ಳುವುದು, ಮಳೆಗೆ ಜಗ್ಗದು. ಸೀಸದಿಂದಲೇ ಆಗುವ ಕೆಂಪು ಸಿಂಧೂರವನ್ನು ಕಬ್ಬಿಣಕ್ಕೆ ಮೊದಲ ಲೇಪವಾಗಿ ಬಳಿದರೆ ತುಕ್ಕು ಹತ್ತಿರ ಸುಳಿಯದು. ನಮ್ಮ ಕಿಟಕಿಯ ಕಂಬಿಯ ತಳದಲ್ಲಿ ಕಂಡ ಕುಂಕುಮವರ್ಣವು ಇದೇ ಆಗಿರಬೇಕು. ಏಕೆಂದರೆ ಆ ಕಾಲದಲ್ಲಿ ಕಬ್ಬಿಣದ ಕೆಲಸಕ್ಕೆಲ್ಲ ಇದೇ ವಾಡಿಕೆ.

ಸೀಸವು ವಿಷವೆಂಬುದು ಹೊಸ ಸಂಗತಿಯೇನೂ ಅಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಕವಿ ನಿಕಾಂದರನು ವಿಷಗಳನ್ನು ಕುರಿತ ತನ್ನ ಕಾವ್ಯದಲ್ಲಿ ಈ ಬಿಳಿಯ ಸೀಸದ ಲಕ್ಷಣಗಳನ್ನು ವರ್ಣಿಸಿದ್ದಾನೆ. ರೋಮಿನ ವಾಸ್ತುಶಾಸ್ತ್ರಜ್ಞನಾದ ವಿಟ್ರೂವಿಯಸನು ಕುಡಿಯುವ ನೀರಿಗೆ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಲೇಸೆಂದು ಹೇಳಿ, ಸೀಸದ ಕೆಲಸಗಾರರ ಮೈಬಣ್ಣ ಬಿಳಿಚಿಕೊಂಡಿರುವುದನ್ನೇ ಅದಕ್ಕೆ ಸಾಕ್ಷಿಯಾಗಿ ತೋರಿಸಿದ್ದಾನೆ. ಮನೆ ಕಟ್ಟುವ ವಿದ್ಯೆಯ ಆಚಾರ್ಯನೇ ಎರಡು ಸಾವಿರ ವರ್ಷಗಳ ಹಿಂದೆ ಇಷ್ಟನ್ನು ಹೇಳಿಟ್ಟಿದ್ದರೂ ಮನೆ ಕಟ್ಟುವವರು ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ. ಗಣಿಯವನಿಗೆ, ಬಣ್ಣ ಅರೆಯುವವನಿಗೆ, ಬಳಿಯುವವನಿಗೆ ಕೇಡಾಗುವುದು ಎಲ್ಲರಿಗೂ ತಿಳಿದಿತ್ತು. ಬಳಿದು ಒಣಗಿದ ಮೇಲೆ, ಶ್ರೀಮಂತವಾದ ಆ ಹೊಳಪಿನ ನಡುವೆ ವಾಸಿಸುವವನಿಗೂ ಕೇಡುಂಟೆಂಬ ಯೋಚನೆ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ.

ಇನ್ನು ಬ್ರಿಸ್ಬೇನಿಗೆ ಬರೋಣ. ಕ್ವೀನ್ಸ್‌ಲೆಂಡ್ ಪ್ರತ್ಯೇಕ ಸೀಮೆಯಾದದ್ದು 1859ರಲ್ಲಿ. ಆ ಶತಮಾನದ ಉಳಿದ ದಶಕಗಳಲ್ಲಿ ಅಲ್ಲಿನ ಜನ ಕಟ್ಟಿಕೊಂಡ ಮನೆಗಳಿಗೆ ತಮ್ಮದೇ ಆದ ಒಂದು ರೂಪವಿದೆ. ಗೋಡೆಗಳು ಇಟ್ಟಿಗೆಯವಲ್ಲ, ಹಲಗೆಯವು. ಕಾಡು ಹತ್ತಿರ, ಮರ ಅಗ್ಗ. ಇಡೀ ಮನೆಯನ್ನು ಮರದ ಗೂಟಗಳ ಮೇಲೆ ಎತ್ತಿ ನಿಲ್ಲಿಸಿರುವರು. ಕೆಳಗೆ ಗಾಳಿಯಾಡಬೇಕು, ಗೆದ್ದಲು ಹತ್ತಬಾರದು. ಗೂಟದ ತಲೆಗೆ ಲೋಹದ ಟೊಪ್ಪಿಗೆಯಂತಹ ತಗಡನ್ನು ಹೊದಿಸಿ ಗೆದ್ದಲಿನ ದಾರಿಯನ್ನು ಕಟ್ಟಿರುವರು. ಮೇಲೆ ಸುಕ್ಕುತಗಡಿನ ಸೂರು. ಮನೆಯ ಮುಂದೆ, ಅನೇಕ ಕಡೆ ಸುತ್ತಲೂ, ಅಗಲವಾದ ವರಾಂಡ. ಮನೆ ನೆಲದಿಂದ ಎತ್ತರದಲ್ಲಿರುವುದರಿಂದ ವರಾಂಡಕ್ಕೆ ಸೊಂಟದೆತ್ತರದ ಮರದ ಕಟಕಟೆ. ಸೆಕೆಯ ನಾಡಿನಲ್ಲಿ ಮಕ್ಕಳ ಲೋಕವೆಲ್ಲ ಆ ವರಾಂಡವೇ. ನಮ್ಮ ಮಕ್ಕಳು ಜಗುಲಿಯಲ್ಲಿ ಬೆಳೆಯುವಂತೆ ಆ ಮಕ್ಕಳು ಅಲ್ಲಿ ಬೆಳೆದರು: ಕಟಕಟೆಯನ್ನು ಹಿಡಿದು ನಿಲ್ಲುವುದನ್ನು ಕಲಿತರು, ಅದರ ಸಂದಿಗಳಲ್ಲಿ ಮುಖವಿಟ್ಟು ಬೀದಿಯನ್ನು ನೋಡಿದರು. ಮರವು ಬಿಸಿಲುಮಳೆಗಳಿಗೆ ಕೆಡಬಾರದೆಂದು ಗೃಹಸ್ಥರು ಅದಕ್ಕೆ ಮೇಲಾದ ಬಣ್ಣವನ್ನೇ ಬಳಿಸಿದ್ದರು. ಕಣ್ಣಿಗೆ ಕಾಣುವ ಶತ್ರುವಾದ ಗೆದ್ದಲನ್ನು ತಡೆಯಲು ಅಷ್ಟೊಂದು ಬುದ್ಧಿಯನ್ನು ವೆಚ್ಚಮಾಡಿದ ಜನ, ಕಾಣದ ಶತ್ರುವನ್ನು ತಾವೇ ಹಣ ಕೊಟ್ಟು ಕಟಕಟೆಯ ಮೇಲೆ ಕೂರಿಸಿದಂತಾಯಿತು.

ಆ ಊರಿನ ಮಕ್ಕಳ ಆಸ್ಪತ್ರೆಗೆ 1889ರಲ್ಲಿ ಆಲ್ಫ್ರೆಡ್ ಜೆಫೆರಿಸ್ ಟರ್ನರ್ ಎಂಬ ತರುಣ ವೈದ್ಯರು ಬಂದು ಸೇರಿದರು. ಇವರು ಚೀನಾದೇಶದ ಕ್ಯಾಂಟನ್ನಿನಲ್ಲಿ ಹುಟ್ಟಿದವರು. ವೈದ್ಯವೃತ್ತಿಯ ಜೊತೆಗೆ ಪತಂಗಗಳ ಶಾಸ್ತ್ರದಲ್ಲಿ ಅಪಾರ ಪರಿಶ್ರಮವುಳ್ಳವರು. ಆಸ್ಟ್ರೇಲಿಯದ ಎಷ್ಟೋ ಪತಂಗಜಾತಿಗಳಿಗೆ ಮೊದಲು ಲಕ್ಷಣ ಬರೆದು ಹೆಸರಿಟ್ಟವರು ಇವರೇ. ರೆಕ್ಕೆಯ ಮೇಲಿನ ಒಂದು ಚುಕ್ಕೆಯ ವ್ಯತ್ಯಾಸವನ್ನು ಹಿಡಿಯುವ ಕಣ್ಣು ರೋಗಿಯ ಹಾಸಿಗೆಯ ಪಕ್ಕದಲ್ಲಿಯೂ ನಿದ್ದೆಮಾಡುವುದಿಲ್ಲವೆಂದು ತೋರುತ್ತದೆ. ಆಸ್ಪತ್ರೆಗೆ ಬರುತ್ತಿದ್ದ ಕೆಲವು ಮಕ್ಕಳಲ್ಲಿ ವಿಚಿತ್ರವಾದ ಒಂದು ಲಕ್ಷಣಸಮೂಹವಿದ್ದಿತು: ಹೊಟ್ಟೆಶೂಲೆ, ಮಲಬದ್ಧತೆ, ಬಿಳಿಚಿದ ಮುಖ, ಜೋತುಬಿದ್ದ ಮಣಿಕಟ್ಟು, ಎಳೆದುಕೊಂಡು ನಡೆಯುವ ಪಾದ, ಕೆಲವರಿಗೆ ಸೆಳವು, ಕೆಲವರಿಗೆ ಕಣ್ಣಿನ ನರ ಊದಿಕೊಂಡು ದೃಷ್ಟಿನಾಶ. ಅದೇ ಊರಿನ ನೇತ್ರವೈದ್ಯರಾದ ಜಾನ್ ಲಾಕ್‌ಹಾರ್ಟ್ ಗಿಬ್ಸನ್ ಅವರು ಇಂತಹ ಕಣ್ಣುಗಳನ್ನು ಕಂಡು, ಮೆದುಳಿನ ಪೊರೆಯ ಉರಿಯೂತವೆಂದು ಮೊದಲು ಭಾವಿಸಿದ್ದರು. ಬಣ್ಣದ ಕೆಲಸಗಾರರಲ್ಲಿ ಕಾಣುವ ಸೀಸದ ರೋಗವೇ ಇದೆಂಬುದನ್ನು ಟರ್ನರ್ ಅವರು ಗುರುತಿಸಿದರು. 1892ರಲ್ಲಿ ಇವರಿಬ್ಬರೂ ಸಹವೈದ್ಯರೂ ಸೇರಿ ಆ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು.

ರೋಗಕ್ಕೆ ಹೆಸರು ಸಿಕ್ಕಿತು, ಮೂಲ ಸಿಕ್ಕಲಿಲ್ಲ. ಹಾಲುಗಲ್ಲದ ಮಗುವಿಗೆ ಸೀಸ ಎಲ್ಲಿಂದ ಬರಬೇಕು? ಅದು ಗಣಿಗೆ ಹೋಗಿಲ್ಲ, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿಲ್ಲ. ಮಳೆಯ ನೀರನ್ನು ತೊಟ್ಟಿಗಳಲ್ಲಿ ಹಿಡಿದು ಕುಡಿಯುವ ಊರಾದುದರಿಂದ ಅನುಮಾನವು ನೀರಿನ ಕಡೆಗೆ ಹೋಗುವುದು ಸಹಜವೇ ಆಗಿದ್ದಿತು. ಆದರೆ ಒಂದೇ ತೊಟ್ಟಿಯ ನೀರು ಕುಡಿದ ತಾಯಿತಂದೆಗಳು ಆರೋಗ್ಯವಾಗಿದ್ದು ಮಗು ಮಾತ್ರ ಮಲಗುವುದೇಕೆ? ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಮನೆಗೆ ಮರಳಿದ ಮಗು ಮತ್ತೆ ಅದೇ ರೋಗದಿಂದ ಹಿಂದಿರುಗುವುದೇಕೆ? ವಿಷವು ಮನೆಯಲ್ಲಿಯೇ ಇದೆಯೆಂಬುದು ಖಚಿತವಾಯಿತೇ ಹೊರತು ಮನೆಯ ಯಾವ ಮೂಲೆಯಲ್ಲಿದೆಯೆಂಬುದು ತಿಳಿಯಲಿಲ್ಲ. ಹೀಗೆ ಹನ್ನೆರಡು ವರ್ಷಗಳು ಕಳೆದುವು. ಆ ಹನ್ನೆರಡು ವರ್ಷಗಳೂ ವೈದ್ಯರು ಆ ಮನೆಗಳ ಮೆಟ್ಟಿಲನ್ನು ಹತ್ತಿ, ಪ್ರಾಯಶಃ ಆ ಕಟಕಟೆಯನ್ನೇ ಹಿಡಿದುಕೊಂಡು, ಒಳಗೆ ಹೋಗುತ್ತಿದ್ದಿರಬೇಕು.

1904ರಲ್ಲಿ ಗಿಬ್ಸನ್ ಅವರು ಆಸ್ಟ್ರೇಲಿಯದ ವೈದ್ಯಪತ್ರಿಕೆಯೊಂದರಲ್ಲಿ ತಮ್ಮ ವಾದವನ್ನು ಮಂಡಿಸಿದರು. ಬಣ್ಣ ಬಳಿದ ಕಟಕಟೆಗಳೂ ಕೋಣೆಗಳ ಬಣ್ಣದ ಗೋಡೆಗಳೂ ಕ್ವೀನ್ಸ್‌ಲೆಂಡಿನ ಮಕ್ಕಳ ಈ ರೋಗಕ್ಕೆ ಮೂಲ, ಎಂಬುದೇ ಅದರ ತಾತ್ಪರ್ಯ. ಕಾರಣವು ಕೇಳಿದ ಮೇಲೆ ಸುಲಭ. ಆ ಸೀಮೆಯ ಬಿಸಿಲಿಗೆ ಬಣ್ಣದೊಳಗಿನ ಎಣ್ಣೆ ಸತ್ತುಹೋಗಿ ಬಿಳುಪು ಸೀಮೆಸುಣ್ಣದ ಪುಡಿಯಂತಾಗುವುದು. ಒಣಗಿದ ಕೈಗೆ ಅದು ಅಷ್ಟಾಗಿ ಅಂಟದು. ಜೊಲ್ಲಿನಿಂದಲೋ ಬೆವರಿನಿಂದಲೋ ತೇವವಾದ ಎಳೆಯ ಅಂಗೈಗೆ ಚೆನ್ನಾಗಿ ಅಂಟುವುದು. ಹೆಬ್ಬೆರಳು ಚೀಪುವ ಮಗು, ಉಗುರು ಕಡಿಯುವ ಮಗು ಅದನ್ನು ದಿನದಿನವೂ ಅಷ್ಟಷ್ಟಾಗಿ ನುಂಗುವುದು. ಒಂದೇ ಮನೆಯಲ್ಲಿ ಒಂದು ಮಗು ಬಿದ್ದು ಇನ್ನೊಂದು ಆಡಿಕೊಂಡಿರುವುದೇಕೆಂಬ ಒಗಟೂ ಇದರಿಂದ ಒಡೆಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಉಗುರು ಕಡಿಯುವುದನ್ನು ಕಾರಣಗಳಲ್ಲಿ ಸೇರಿಸಿದ ಕೂಡಲೇ ತಪ್ಪನ್ನು ಮಗುವಿನ ಮೇಲೆ, ಅದನ್ನು ತಿದ್ದದ ತಾಯಿಯ ಮೇಲೆ ಹೊರಿಸುವುದಕ್ಕೆ ದಾರಿಯಾಗುವುದು. ಮುಂದೆ ಬೇರೆ ದೇಶಗಳಲ್ಲಿ ಸೀಸದ ವ್ಯಾಪಾರದ ಪಕ್ಷದವರು ಈ ದಾರಿಯನ್ನು ಚೆನ್ನಾಗಿ ಬಳಸಿಕೊಂಡರು. ನಮ್ಮ ಮನೆಗಳಲ್ಲಿಯೂ ಬೆರಳು ಚೀಪುವ ಕೂಸಿನ ಹೆಬ್ಬೆರಳಿಗೆ ಬೇವಿನ ರಸ ಹಚ್ಚುವ ಅಜ್ಜಿಯರುಂಟು. ಆದರೆ ಬೆರಳು ಚೀಪುವುದು ಶೈಶವದ ಧರ್ಮ, ಬೇವಿಗೆ ಅದು ಜಗ್ಗದು. ಕಟಕಟೆಗೆ ವಿಷ ಬಳಿಯುವುದು ಯಾರ ಧರ್ಮವೂ ಅಲ್ಲ. ಗಿಬ್ಸನ್ ಅವರ ಹೆಚ್ಚುಗಾರಿಕೆಯೆಲ್ಲ, ಮಗುವಿನ ಕೈಯಿಂದ ಕಣ್ಣನ್ನು ಎತ್ತಿ ಆ ಕೈ ಹಿಡಿದಿದ್ದ ಮರದ ಕಡೆಗೆ ನೋಡಿದ್ದರಲ್ಲಿದೆ.

ಬಣ್ಣವು ಎಲ್ಲ ದೇಶಗಳಲ್ಲಿಯೂ ಇರುವಾಗ ಬ್ರಿಸ್ಬೇನಿನ ಮಕ್ಕಳಿಗೆ ಮಾತ್ರ ಏಕೆ ರೋಗ? ಈ ಪ್ರಶ್ನೆ ಏಳುವುದು ಸಹಜ. ಬೇರೆಡೆಯ ಮಕ್ಕಳಿಗೂ ರೋಗವಿದ್ದಿತು, ನೋಡಿದವರು ಇರಲಿಲ್ಲ. 1914ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯರು, ತೊಟ್ಟಿಲಿನ ಬಿಳಿಯ ಬಣ್ಣವನ್ನು ಕಡಿದು ತಿಂದು ಸತ್ತ ಒಂದು ಮಗುವಿನ ವೃತ್ತಾಂತವನ್ನು ಪ್ರಕಟಿಸಿದರು. ಅದೇ ಅಮೆರಿಕದಲ್ಲಿ ಸೀಸದ ದೊಡ್ಡ ಕಂಪನಿಯು ತನ್ನ ಬಿಳಿಯ ಬಣ್ಣಕ್ಕೆ ಮುದ್ರೆಯಾಗಿ ಆರಿಸಿಕೊಂಡಿದ್ದ ಚಿತ್ರ ಯಾವುದು ಬಲ್ಲಿರಾ? ಕುಂಚ ಹಿಡಿದು ನಗುತ್ತಿರುವ ಒಬ್ಬ ಡಚ್ಚರ ಹುಡುಗ!

ಸರ್ಕಾರಗಳು ಕಣ್ಣುತೆರೆದದ್ದು ಮೊದಲು ಕೆಲಸಗಾರರ ಪರವಾಗಿ. ಫ್ರಾನ್ಸು 1909ರಲ್ಲಿ ಬಿಳಿಯ ಸೀಸದ ಬಣ್ಣವನ್ನು ತಡೆಯುವ ಶಾಸನವನ್ನು ಮಾಡಿತು. ಜಿನೀವದ ಅಂತರರಾಷ್ಟ್ರೀಯ ಕಾರ್ಮಿಕಸಂಸ್ಥೆಯು 1921ರಲ್ಲಿ ಕಟ್ಟಡಗಳ ಒಳಭಾಗಕ್ಕೆ ಅದನ್ನು ಬಳಿಯಬಾರದೆಂಬ ಒಪ್ಪಂದವನ್ನು ಹೊರಡಿಸಿತು. ಇವೆರಡರಲ್ಲಿಯೂ ಚಿಂತೆ ಬಳಿಯುವವನದು. ಬಳಿದ ಮನೆಯಲ್ಲಿ ತೆವಳುವವನದಲ್ಲ. ಕ್ವೀನ್ಸ್‌ಲೆಂಡಿನ ಶಾಸನಸಭೆ 1922ರಲ್ಲಿ ಆರೋಗ್ಯಶಾಸನವನ್ನು ತಿದ್ದಿ ಮಾಡಿದ ನಿಯಮವು ಬೇರೆ ಜಾತಿಯದು. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಓಡಾಡುವ ಮನೆ ಮಠ ಶಾಲೆಗಳ ಹೊರಮೈಯಲ್ಲಿ, ನೆಲದಿಂದ ನಾಲ್ಕು ಅಡಿಯೊಳಗೆ ಸೀಸದ ಬಣ್ಣವನ್ನು ಬಳಿಯಕೂಡದು. ನಾಲ್ಕು ಅಡಿ! ಶಾಸನಗಳ ಭಾಷೆ ಸಾಧಾರಣವಾಗಿ ನೀರಸ. ಆದರೆ ಈ ಅಳತೆಯಲ್ಲಿ ಕಟಕಟೆ ಹಿಡಿದು ನಿಂತ ಮಗುವಿನ ಎತ್ತರವೇ ಅಡಗಿದೆ. ಮಕ್ಕಳನ್ನು ಮನೆಯ ಬಣ್ಣದಿಂದ ಕಾಪಾಡಲೆಂದು ಲೋಕದಲ್ಲಿ ಹುಟ್ಟಿದ ಮೊದಮೊದಲ ಶಾಸನಗಳಲ್ಲಿ ಇದೊಂದು. ರೋಗಕ್ಕೆ ಹೆಸರಿಟ್ಟು ಮೂವತ್ತು ವರ್ಷ, ಮೂಲವನ್ನು ತೋರಿಸಿ ಹದಿನೆಂಟು ವರ್ಷವಾಗಿದ್ದುವೆಂಬುದನ್ನೂ ಮರೆಯತಕ್ಕುದಲ್ಲ. ಇದಾದ ಮೇಲೂ ಬಾಲ್ಟಿಮೋರ್ ನಗರವು ಮನೆಯೊಳಗೆ ಸೀಸದ ಬಣ್ಣವನ್ನು ನಿಷೇಧಿಸಿದ್ದು 1951ರಲ್ಲಿ, ಅಮೆರಿಕ ದೇಶವು 1978ರಲ್ಲಿ.

ಶಾಸನದೊಡನೆ ಕಥೆ ಮುಗಿಯಿತೆಂದು ತಿಳಿಯುವುದು ತಪ್ಪು. ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಭಾಗ ಮುಂದಿದೆ. ಶೂಲೆ ನಿಂತು, ಕೈಕಾಲು ಮರಳಿ ಆಡತೊಡಗಿ, ‘ಗುಣವಾಯಿತು’ ಎಂದು ಬರೆಸಿಕೊಂಡು ಮನೆಗೆ ಹೋದ ಮಕ್ಕಳು ಏನಾದರು? ಕ್ವೀನ್ಸ್‌ಲೆಂಡಿನಲ್ಲಿ ಎಳೆಯ ವಯಸ್ಸಿನವರೇ ಮೂತ್ರಜನಕಾಂಗದ ರೋಗದಿಂದ ಬೇರೆ ಸೀಮೆಗಳಿಗಿಂತ ಬಹಳ ಹೆಚ್ಚಾಗಿ ಸಾಯುತ್ತಿರುವುದನ್ನು ಜಾರ್ವಿಸ್ ನೈ ಎಂಬ ವೈದ್ಯರು ಕಂಡು, ಬಾಲ್ಯದ ಸೀಸವೇ ಇದಕ್ಕೆ ಕಾರಣವೆಂದು 1933ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅನಂತರ ಹೆಂಡರ್ಸನ್ ಎಂಬವರು ಮಕ್ಕಳ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆದರು. 1915ರಿಂದ 1935ರ ವರೆಗೆ ಸೀಸದ ರೋಗದಿಂದ ಅಲ್ಲಿ ಚಿಕಿತ್ಸೆ ಪಡೆದಿದ್ದ 401 ಮಕ್ಕಳ ಹೆಸರುಗಳನ್ನು ಹಿಡಿದು, ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಹುಡುಕಿಸಿದರು. ಅವರ ವರದಿ ಪ್ರಕಟವಾದದ್ದು 1954ರಲ್ಲಿ. ಅಷ್ಟರಲ್ಲಿ 165 ಮಂದಿ ತೀರಿಕೊಂಡಿದ್ದರು. ಅವರಲ್ಲಿ 108 ಮಂದಿಯನ್ನು ಕೊಂಡೊಯ್ದದ್ದು ಮೂತ್ರಜನಕಾಂಗದ ಅಥವಾ ರಕ್ತನಾಳಗಳ ರೋಗ. ಬದುಕಿದ್ದರೆ ಅವರಾರಿಗೂ ಇನ್ನೂ ಮುದಿವಯಸ್ಸಲ್ಲ.

ಇದರ ಕಾರಣವನ್ನು ಇಂದಿನ ಶಾಸ್ತ್ರ ಹೀಗೆ ವಿವರಿಸುತ್ತದೆ. ದೇಹವು ಸೀಸವನ್ನು ಸುಣ್ಣದಂಶವೆಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುವುದು. ಅಲ್ಲಿ ಅದು ದಶಕಗಳ ಕಾಲ ನಿಂತು, ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತಿರುವುದು. ನುಂಗಿದ ಸೀಸದಲ್ಲಿ ದೊಡ್ಡವರ ಮೈಗೆ ಹತ್ತುವುದಕ್ಕಿಂತ ನಾಲ್ಕೈದು ಪಾಲು ಹೆಚ್ಚಾಗಿ ಎಳೆಯ ಮಗುವಿಗೆ ಹತ್ತುವುದು. ಬೆಳೆಯುವ ಮೆದುಳಿಗೆ ತಗುಲಿದರೆ ಬುದ್ಧಿ ಮಂಕಾಗುವುದು, ನಿಲುಕು ತಪ್ಪುವುದು. ಅದಕ್ಕೆ ಶೂಲೆಯಾಗಲಿ ಸೆಳವಾಗಲಿ ಕಾಣಿಸಿಕೊಳ್ಳಬೇಕೆಂದೇ ಇಲ್ಲ. ಇಷ್ಟರವರೆಗೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯಸಂಸ್ಥೆಯು ಸಾರಿದೆ. ಟರ್ನರ್ ಅವರು ತೀರಿಕೊಂಡದ್ದು 1947ರಲ್ಲಿ. ತಾವು ಗುಣಪಡಿಸಿದ್ದೆವೆಂದುಕೊಂಡ ಮಕ್ಕಳ ಆ ಲೆಕ್ಕವನ್ನು ಅವರು ನೋಡಲಿಲ್ಲ.

ನಮ್ಮ ನಾಡಿನ ಮಾತು. ನಮ್ಮ ಹಳೆಯ ಮನೆಗಳ ಪುಣ್ಯವೆಂದರೆ ಗೋಡೆಗಳಿಗೆ ಸುಣ್ಣವೇ ಗತಿಯಾಗಿದ್ದುದು. ಎಣ್ಣೆಬಣ್ಣವು ಮರಕ್ಕೂ ಕಬ್ಬಿಣಕ್ಕೂ ಮೀಸಲಾಗಿದ್ದಿತು. ಆದರೆ ಆ ಮರ ಆ ಕಬ್ಬಿಣಗಳೇ ಮಕ್ಕಳ ಕೈಗೆ ಎಟಕುವಂತಹವು: ಬಾಗಿಲು, ಗೇಟು, ಕಿಟಕಿಯ ಕಂಬಿ, ತೊಟ್ಟಿಲು. ಸೀಸದ ಪ್ರಶ್ನೆ ನಮ್ಮಲ್ಲಿ ದೊಡ್ಡದಾಗಿ ಎದ್ದದ್ದು ಬೆಂಗಳೂರಿನಿಂದಲೇ ಎಂಬುದನ್ನು ಹೆಮ್ಮೆಯಿಂದ ಹೇಳಬಹುದು. ಸಂತ ಜಾನರ ವೈದ್ಯಕಾಲೇಜಿನ ಪ್ರಾಧ್ಯಾಪಕರಾಗಿದ್ದ ವೆಂಕಟೇಶ್ ತುಪ್ಪಿಲ್ ಅವರೂ ಜಾರ್ಜ್ ಪ್ರತಿಷ್ಠಾನದವರೂ ಸೇರಿ ದೇಶದ ಏಳು ನಗರಗಳಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಅಂದಿನ ಮಿತಿಯನ್ನು ಮೀರಿದ ಸೀಸವಿರುವುದನ್ನು ಕಂಡರು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವನ್ನೂ ನಡೆಸಿದರು. ಅಂದಿನ ಮುಖ್ಯ ಅಪರಾಧಿ ಪೆಟ್ರೋಲು. 2000ದಲ್ಲಿ ಅದರಿಂದ ಸೀಸವನ್ನು ತೆಗೆದರು. ಮನೆಯ ಬಣ್ಣಕ್ಕೆ ಮಿತಿ ಹಾಕಿದ ಕೇಂದ್ರಸರ್ಕಾರದ ನಿಯಮ 2016ರದು; ಹತ್ತುಲಕ್ಷ ಪಾಲಿನಲ್ಲಿ 90 ಪಾಲಿಗಿಂತ ಹೆಚ್ಚು ಸೀಸವಿರಕೂಡದೆಂಬ ಆ ನಿಯಮವು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಗಿಬ್ಸನ್ ಅವರ ಲೇಖನಕ್ಕೂ ಇದಕ್ಕೂ ನಡುವೆ ನೂರಹದಿಮೂರು ವರ್ಷ. ಅಲ್ಲದೆ ಹೊಸ ಡಬ್ಬಿಯನ್ನು ನಿಯಮವು ತಡೆಯಬಲ್ಲುದು. ಹಳೆಯ ಕಂಬಿಯ ಮೇಲಿನ ಮೂರು ತಲೆಮಾರನ್ನು ಅದು ತಡೆಯಲಾರದು. ಅವು ಗಟ್ಟಿಯಾಗಿ ಅಂಟಿಕೊಂಡು ಮೇಲೆ ಹೊಸ ಬಣ್ಣ ಮುಚ್ಚಿರುವವರೆಗೆ ನಿದ್ರಿಸುತ್ತಿರುವ ಸರ್ಪದಂತೆ. ಒಣಗಿದ ಹಾಗೆಯೇ ಉಜ್ಜಿದಾಗ, ಬೆಂಕಿಯಿಂದ ಸುಟ್ಟಾಗ, ಹೊಪ್ಪಳೆಯೆದ್ದು ಉದುರಿದಾಗ ಏಳುವುವು.

ಮರುದಿನ ಬಣ್ಣದವನು ಬಂದಾಗ ಬಕೆಟ್ಟಿನಲ್ಲಿ ನೀರಿಟ್ಟು, ಕಂಬಿಯನ್ನು ನೆನೆಸಿ ನೆನೆಸಿ ಕೆರೆಯಬೇಕೆಂದೂ, ಮೂಗಿಗೆ ಪುಡಿ ತಡೆಯುವ ಮುಖವಾಡ ಕಟ್ಟಿಕೊಳ್ಳಬೇಕೆಂದೂ, ಕೆರೆದದ್ದನ್ನೆಲ್ಲ ಹಾಸಿದ ಹಾಳೆಯೊಡನೆ ಸುತ್ತಿ ತೆಗೆಯಬೇಕೆಂದೂ ಗೊತ್ತುಮಾಡಿದೆನು. “ಇಷ್ಟು ವರ್ಷ ಉಜ್ಜಿದೀನಲ್ಲ ಸ್ವಾಮಿ, ನನಗೇನಾಗಿದೆ?” ಎಂದು ನಕ್ಕನು. ಹೊಟ್ಟೆನೋವು ಬರುವುದುಂಟೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಯಾರಿಗೆ ಬರಲ್ಲ?” ಎಂದನು, ಮುಖವಾಡವನ್ನೂ ಕಟ್ಟಿಕೊಂಡನು. ಮಗಳನ್ನೂ ಮೊಮ್ಮಗಳನ್ನೂ ಕೆಲಸ ಮುಗಿದು ಜಗುಲಿಯನ್ನು ಎರಡು ಸಲ ತೊಳೆಯುವವರೆಗೆ ಬೇರೆ ಕಡೆ ಕಳುಹಿಸಬೇಕೆಂದು ಮೊದಲೇ ನಿಶ್ಚಯವಾಗಿದ್ದಿತು. ಅವರು ಹೊರಡುವ ಮುಂಚೆ, ಕುತೂಹಲಕ್ಕಾಗಿ, ಕಿಟಕಿಯ ಚೌಕಟ್ಟಿನ ಮೇಲೆ ನೆಲದಿಂದ ನಾಲ್ಕು ಅಡಿ ಅಳೆದು ಪೆನ್ಸಿಲಿನಿಂದ ಒಂದು ಗೆರೆ ಹಾಕಿದೆನು. ಮಗು ಎಂದಿನಂತೆ ಬೀದಿ ನೋಡುವುದಕ್ಕೆ ತುದಿಗಾಲಿನಲ್ಲಿ ನಿಂತು ಕಂಬಿಯ ಕಡೆ ಕೈಚಾಚಿತು. ಅದರ ಬೆರಳ ತುದಿ ಗೆರೆಗಿಂತ ಒಂದು ಗೇಣು ಕೆಳಗಿದ್ದಿತು.